ಪಂಪು ನಿಂತರೂ ಒತ್ತಡ ನಿಲ್ಲುವುದಿಲ್ಲ

(ಸಂಘದ ಕಾರ್ಯದರ್ಶಿಯವರಿಂದ)



ಫೆಬ್ರವರಿ ಬಂತೆಂದರೆ ಸಂಘದ ಕಚೇರಿಗೆ ಬರುವ ಸದಸ್ಯರ ಮಾತೆಲ್ಲ ಒಂದೇ ಕಡೆಗೆ ತಿರುಗುತ್ತದೆ. ಹಳ್ಳದಲ್ಲಿ ನೀರೆಷ್ಟಿದೆ, ಮೋಟಾರಿಗೆ ವೋಲ್ಟೇಜು ಸಿಗುತ್ತಿದೆಯೇ, ಒಂದು ಸಲಕ್ಕೆ ಎಷ್ಟು ಜೆಟ್ಟು ಹಾರುತ್ತದೆ, ಪೈಪಿನ ಬೆಲೆ ಈ ವರ್ಷ ಎಷ್ಟಾಗಿದೆ ಎಂಬಿತ್ಯಾದಿ ಪ್ರಶ್ನೆಗಳು ಬರುತ್ತವೆ. ರೊಬಸ್ಟಾ ಮೊಗ್ಗು ಬಲಿತು ನಿಂತಾಗ ಹೂಮಳೆ ಕೈಕೊಟ್ಟರೆ ವರ್ಷದ ಫಸಲೇ ಹೋದಂತೆ. ಆದ್ದರಿಂದ ಈ ಪ್ರಶ್ನೆಗಳು ಸಹಜವೇ ಸರಿ. ಆದರೆ ಪೈಪಿನೊಳಗೆ ಎಷ್ಟು ಒತ್ತಡವಿದೆ, ಅದನ್ನು ಬಿಚ್ಚುವಾಗ ಏನು ಎಚ್ಚರ ಬೇಕು ಎಂದು ಕೇಳುವವರು ವರ್ಷಕ್ಕೆ ಒಬ್ಬಿಬ್ಬರೂ ಇಲ್ಲ. ನಾನೂ ಕೇಳುತ್ತಿರಲಿಲ್ಲ.

ನಾನು ಇಂಜಿನಿಯರನಲ್ಲ. ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಹಿಂತಿರುಗಿದವನು. ದ್ರವಗಳ ಒತ್ತಡದ ಪಾಠವನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಆದರೆ ಆ ಪಾಠ ನನಗೆ ಅರ್ಥವಾದದ್ದು 2013ರ ಮಾರ್ಚ್ ತಿಂಗಳಲ್ಲಿ, ನಮ್ಮ ಪಂಪ್‌ಹೌಸಿನ ಎದುರು. ಅದೂ ನನ್ನ ಮೈಗೆ ಬಿದ್ದ ಪೆಟ್ಟಿನಿಂದಲ್ಲ, ಇನ್ನೊಬ್ಬನ ಮೈಗೆ ಬಿದ್ದ ಪೆಟ್ಟಿನಿಂದ. ಆ ಸಂಗತಿಯನ್ನು ಹೇಳಿಕೊಳ್ಳಲು ನನಗೆ ಸಂಕೋಚವೇ ಆಗುತ್ತದೆ. ಆದರೂ ಸದಸ್ಯರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಡೆದ ಸಂಗತಿ

ನಮ್ಮ ಪಂಪು ಹಳ್ಳದ ಬದಿಯಲ್ಲಿದೆ. ಅಲ್ಲಿಂದ 3 ಅಂಗುಲದ ಪೈಪು ಗುಡ್ಡ ಹತ್ತಿ ಮೇಲಿನ ರೊಬಸ್ಟಾ ಪಟ್ಟೆಗೆ ಹೋಗುತ್ತದೆ. ಪೈಪಿನ ಉದ್ದ ಸುಮಾರು 400 ಮೀಟರ್. ಏರು ಸುಮಾರು 150 ಅಡಿ. ಪಂಪಿನ ಪಕ್ಕದಲ್ಲೇ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವು, ಅಂದರೆ ನಾವೆಲ್ಲ ಎನ್.ಆರ್.ವಿ. ಎಂದು ಕರೆಯುವ ಸಾಮಾನು ಇದೆ. ಅದನ್ನು ದಾಟಿದ ಮೇಲೆ ಒಂದು ಟೀ ಹಾಕಿ, ಹೂಳು ತೆಗೆಯಲು ಅನುಕೂಲವಾಗಲೆಂದು ಅದರ ಬಾಯಿಗೆ ಮರೆಯಿರುವ ಜಿ.ಐ. ಎಂಡ್ ಕ್ಯಾಪ್ ಕೂರಿಸಿದ್ದೆವು.

ಅಂದು ರಾತ್ರಿ ತ್ರೀಫೇಸ್ ಕರೆಂಟು ಬಂದು ಜೆಟ್ಟು ಹಾರಿಸಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಎರಡು ಮೂರು ಜೆಟ್ಟಿಗೆ ಕಸ ಸಿಕ್ಕಿಕೊಂಡಿತು. ಪಂಪು ನಿಲ್ಲಿಸಿ, ಕೆಳಗಿನ ಕ್ಯಾಪ್ ಬಿಚ್ಚಿ ಹೂಳು ಬಿಟ್ಟುಬಿಡೋಣವೆಂದು ತೀರ್ಮಾನಿಸಿದೆವು. ನಮ್ಮಲ್ಲಿ ಹತ್ತು ಹನ್ನೆರಡು ವರ್ಷದಿಂದ ಇದ್ದ ಆಳು ಪೈಪ್ ರೆಂಚು ಹಿಡಿದು ಕ್ಯಾಪಿನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ನಾನು ಬ್ಯಾಟರಿ ಹಿಡಿದಿದ್ದೆ.

"ಅಯ್ಯಾ, ಪಂಪು ಆಫ್ ಆಗಿದ್ಯಲ್ಲ?" ಎಂದು ಕೇಳಿದ.

"ಆಗಿದೆ ಕಣೋ, ತೆಗಿ" ಎಂದೆ.

ಕ್ಯಾಪ್ ಮೂರು ಸುತ್ತು ಬಿಗಿಯಾಗಿಯೇ ತಿರುಗಿತು. ಅಂಚಿನಿಂದ ನೀರು ಚಿಮ್ಮಲು ತೊಡಗಿತು. ಹೂಳು ನೀರು ಬರುತ್ತಿದೆ ಎಂದೇ ನಾನು ತಿಳಿದೆ. ಕೊನೆಯ ಮರೆ ಬಿಟ್ಟೊಡನೆ ಕ್ಯಾಪ್ ಗುಂಡಿನಂತೆ ಹಾರಿ ಅವನ ದವಡೆಗೆ ಬಡಿಯಿತು. ಹಿಂದೆಯೇ ಬಂದ ನೀರಿನ ಹೊಡೆತಕ್ಕೆ ಅವನು ಎರಡು ಮಾರು ದೂರ ಹೋಗಿ ಬಿದ್ದ. ಮೂರು ಹಲ್ಲು ಹೋದವು, ದವಡೆಯ ಮೂಳೆ ಎರಡು ಕಡೆ ಮುರಿಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಎರಡೂವರೆ ತಿಂಗಳು ಅವನು ಗಂಜಿ ಕುಡಿದುಕೊಂಡೇ ದಿನ ಕಳೆದ. ಪೆಟ್ಟು ಎರಡು ಅಂಗುಲ ಮೇಲೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಇನ್ನೂ ಮೇಲೆ ಬಿದ್ದಿದ್ದರೆ ನಾನು ಈ ಲೇಖನವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು.

ಪಂಪು ನಿಂತಿದ್ದುದು ನಿಜ, ನಾನು ಸುಳ್ಳು ಹೇಳಿರಲಿಲ್ಲ. ಆದರೆ ಅವನು ಕೇಳಬೇಕಾಗಿದ್ದ ಪ್ರಶ್ನೆಯೂ ನಾನು ಕೊಡಬೇಕಾಗಿದ್ದ ಉತ್ತರವೂ ಬೇರೆಯೇ ಆಗಿದ್ದವು.

ನಿಂತ ನೀರಿಗೂ ಬಲವುಂಟು

ಪಂಪು ನಿಂತಾಗ ಎನ್.ಆರ್.ವಿ. ತನ್ನ ಕೆಲಸ ಮಾಡಿತು. ಗುಡ್ಡದ ಮೇಲಿನವರೆಗೆ ತುಂಬಿದ್ದ ನೀರು ಹಿಂದಕ್ಕೆ ಹೋಗದಂತೆ ತಡೆಹಿಡಿಯಿತು. ಆ 150 ಅಡಿ ಎತ್ತರದ ನೀರಿನ ಭಾರವೆಲ್ಲ ಕೆಳಗಿನ ಕ್ಯಾಪಿನ ಮೇಲೆ ಕೂತಿತ್ತು.

ಲೆಕ್ಕ ಸುಲಭ. ನೀರು 10 ಮೀಟರ್, ಅಂದರೆ ಸುಮಾರು 33 ಅಡಿ ಎತ್ತರ ನಿಂತರೆ ಬುಡದಲ್ಲಿ ಒಂದು ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡವಾಗುತ್ತದೆ. ಅಂಗಡಿಯಲ್ಲಿ ನಾವು "4 ಕೆ.ಜಿ. ಪೈಪು", "6 ಕೆ.ಜಿ. ಪೈಪು" ಎಂದು ಕೇಳುವುದು ಇದೇ ಲೆಕ್ಕದ ಮೇಲೆ. ಪೈಪು ನೆಟ್ಟಗೆ ಹೋದರೂ ಓರೆಯಾಗಿ ಹೋದರೂ ಸುತ್ತಿ ಹೋದರೂ ವ್ಯತ್ಯಾಸವಿಲ್ಲ. ಲೆಕ್ಕಕ್ಕೆ ಬರುವುದು ಎತ್ತರ ಮಾತ್ರ. ಪೈಪು ದಪ್ಪವೋ ಸಪೂರವೋ ಎಂಬುದರಿಂದಲೂ ಒತ್ತಡ ಬದಲಾಗುವುದಿಲ್ಲ.

ಆದರೆ ಮುಚ್ಚಳದ ಮೇಲೆ ಬೀಳುವ ಒಟ್ಟು ಭಾರ ಮಾತ್ರ ಪೈಪಿನ ಬಾಯಿಯ ಅಗಲವನ್ನು ಅವಲಂಬಿಸಿದೆ. 150 ಅಡಿಗೆ ಒತ್ತಡ ನಾಲ್ಕೂವರೆ ಕೆ.ಜಿ. 3 ಅಂಗುಲದ ಬಾಯಿಯ ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್. ಎರಡನ್ನೂ ಗುಣಿಸಿದರೆ 200 ಕೆ.ಜಿ. ದಾಟುತ್ತದೆ. ಅಂದರೆ 50 ಕೆ.ಜಿ.ಯ ನಾಲ್ಕು ಮೂಟೆ ಕಾಫಿ ಆ ಕ್ಯಾಪನ್ನು ಹಿಂದಿನಿಂದ ನೂಕುತ್ತಿತ್ತು. ಅದನ್ನು ಹಿಡಿದಿದ್ದುದು ನಾಲ್ಕೈದು ಸುತ್ತು ಮರೆ. ಆ ಮರೆಯನ್ನು ನಾವೇ ಬಿಚ್ಚಿದೆವು.

ಇದು ನಮಗೆ ತಿಳಿಯದ ವಿಷಯವೇನಲ್ಲ. ಅಡುಗೆಮನೆಯಲ್ಲಿ ಪ್ರೆಶರ್ ಕುಕ್ಕರು ದಿನವೂ ಇದೇ ಪಾಠ ಹೇಳುತ್ತದೆ. ಮನೆಯ ಕುಕ್ಕರಿನ ಒತ್ತಡ ಸುಮಾರು 1 ಕೆ.ಜಿ. ಮಾತ್ರ. ಒಲೆ ಆರಿಸಿದೊಡನೆ ಅದರ ಮುಚ್ಚಳಕ್ಕೆ ಯಾರಾದರೂ ಕೈ ಹಾಕುತ್ತಾರೆಯೇ? ಆಸ್ಪತ್ರೆಯಿಂದ ಬಂದ ರಾತ್ರಿ ನನ್ನ ಮನೆಯಾಕೆ ಕೇಳಿದ ಪ್ರಶ್ನೆ ಇದೇ: "ಏನ್ರೀ, ಗ್ಯಾಸ್ ಆಫ್ ಮಾಡಿದ ತಕ್ಷಣ ನಾನು ಕುಕ್ಕರ್ ತೆಗೀತೀನಾ? ವೆಯ್ಟ್ ಎತ್ತಿ ನೋಡಲ್ವಾ?" ನನ್ನಲ್ಲಿ ಉತ್ತರವಿರಲಿಲ್ಲ. 1 ಕೆ.ಜಿ.ಗೆ ಆಕೆ ತೋರುವ ಮರ್ಯಾದೆಯನ್ನು ನಾಲ್ಕೂವರೆ ಕೆ.ಜಿ.ಗೆ ನಾನು ತೋರಿರಲಿಲ್ಲ.

ಪೈಪು ಬಿಚ್ಚುವ ಮೊದಲು

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆ ಘಟನೆಯ ನಂತರ ನಮ್ಮ ತೋಟದಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಸದಸ್ಯರು ಊರು ಕೊಳ್ಳೆ ಹೋಗುವ ಮೊದಲೇ ಅದನ್ನು ಅನುಸರಿಸಲಿ ಎಂಬುದು ನನ್ನ ಆಸೆ.

ಮೊದಲನೆಯದಾಗಿ, ಪಂಪು ತಾನಾಗಿ ಮತ್ತೆ ಸ್ಟಾರ್ಟ್ ಆಗದಂತೆ ನೋಡಿಕೊಳ್ಳಬೇಕು. ಈಗ ಬಹಳ ತೋಟಗಳಲ್ಲಿ ಆಟೋ ಸ್ಟಾರ್ಟರ್ ಇದೆ, ಮೊಬೈಲಿನಿಂದ ಆನ್ ಮಾಡುವ ಸಾಧನವೂ ಇದೆ. ಕರೆಂಟು ಹೋಯಿತೆಂದು ಪೈಪು ಬಿಚ್ಚಲು ಕೂತವನ ಎದುರಿಗೇ ಕರೆಂಟು ಬಂದು ಪಂಪು ತಿರುಗಬಹುದು; ಮನೆಯಲ್ಲಿದ್ದವರು ಏನೂ ತಿಳಿಯದೆ ಮೊಬೈಲ್ ಒತ್ತಬಹುದು. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸು ಕಿತ್ತು, ಪೈಪು ಬಿಚ್ಚುವವನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಲಿ. ಕೆಲಸ ಮುಗಿದ ಮೇಲೆ ಅವನೇ ಬಂದು ಹಾಕಲಿ.

ಎರಡನೆಯದಾಗಿ, ಒತ್ತಡ ಇಳಿಸಲು ಪೈಪಿನ ಅತ್ಯಂತ ತಗ್ಗಿನ ಜಾಗದಲ್ಲಿ ಒಂದು ಕಾಕ್ ಇರಬೇಕು. ಅರ್ಧ ಅಂಗುಲದ್ದಾದರೂ ಆದೀತು. ಆದರೆ ನಮ್ಮ ಪೈಪಿನಲ್ಲಿರುವ ನೀರು ಸುಮಾರು 1,800 ಲೀಟರ್. ಅರ್ಧ ಅಂಗುಲದ ಕಾಕಿನಲ್ಲಿ ಅದು ಇಳಿಯಲು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ರಾತ್ರಿ ಹನ್ನೊಂದು ಗಂಟೆಗೆ ಯಾರಿಗೂ ಇರುವುದಿಲ್ಲ. ಒಂದು ಅಂಗುಲದ ಕಾಕ್ ಹಾಕಿದರೆ ಹತ್ತು ನಿಮಿಷದ ಕೆಲಸ. ನೀರು ಪೋಲಾಗುತ್ತದೆ ಎನ್ನುವವರಿದ್ದಾರೆ. 200 ಲೀಟರಿನ ಒಂಬತ್ತು ಡ್ರಮ್ಮು ನೀರು ಅದು. ಪಂಪು ಐದು ನಿಮಿಷ ಓಡಿದರೆ ಮತ್ತೆ ತುಂಬುತ್ತದೆ.

ಮೂರನೆಯದಾಗಿ, ಕಾಕ್ ತೆರೆದಾಗ ನೀರು ಜೋರಾಗಿ ಬಂದು, ಕ್ರಮೇಣ ಇಳಿದು, ಕೊನೆಗೆ ನಿಲ್ಲುವುದನ್ನು ಕಣ್ಣಾರೆ ನೋಡಬೇಕು. ಕಾಕ್ ತೆರೆದರೂ ಒಂದು ಹನಿ ನೀರೂ ಬಾರದಿದ್ದರೆ ಪೈಪು ಖಾಲಿಯೆಂದು ನಂಬಬೇಡಿ. ಕಾಕಿನ ಬಾಯಿಗೆ ಹೂಳು ಕಟ್ಟಿರುವುದೇ ಹೆಚ್ಚು. ಒಂದು ತಂತಿಯಿಂದ ಚುಚ್ಚಿ, ಬದಿಗೆ ನಿಂತು ಪರೀಕ್ಷಿಸಿ. ಗೇಜು ಸೊನ್ನೆ ತೋರಿಸುವುದೂ ಪೂರ್ತಿ ಸಾಕ್ಷಿಯಲ್ಲ. ಅದರ ಸಣ್ಣ ತೂತಿಗೂ ಕಸ ಕೂರುತ್ತದೆ.

ನಾಲ್ಕನೆಯದಾಗಿ, ಯಾವ ಕ್ಯಾಪಿನ, ವಾಲ್ವಿನ, ಜೋಡಣೆಯ ನೇರಕ್ಕೂ ಮುಖ ಇಟ್ಟುಕೊಂಡು ಕೂರಬಾರದು. ಬದಿಯಲ್ಲಿ ನಿಂತು ಅರ್ಧ ಸುತ್ತು ಸಡಿಲಿಸಿ ಕಾಯಬೇಕು. ನೀರು ಚಿಮ್ಮಿದರೆ ಅದು ಹೂಳಲ್ಲ, ಎಚ್ಚರಿಕೆ ಎಂದು ತಿಳಿದು ಮತ್ತೆ ಬಿಗಿಮಾಡಬೇಕು.

ಹೂಳು ತೆಗೆಯುವ ಜಾಗಕ್ಕೆ ಕ್ಯಾಪೇ ಬೇಡ ಎಂಬುದು ನನ್ನ ಈಗಿನ ಅಭಿಪ್ರಾಯ. ಪೈಪಿನಷ್ಟೇ ಗಾತ್ರದ ಒಂದು ಗೇಟ್ ವಾಲ್ವು ಕೂರಿಸಿ, ಅದರ ಬಾಯಿಯನ್ನು ಹಳ್ಳದ ಕಡೆಗೆ ತಿರುಗಿಸಿಟ್ಟರೆ, ಬದಿಯಲ್ಲಿ ನಿಂತು ನಿಧಾನವಾಗಿ ತೆರೆಯಬಹುದು. ಆಗ ಅದೇ ಒತ್ತಡ ಹೂಳನ್ನೂ ಚೆನ್ನಾಗಿ ಕೊಚ್ಚಿಕೊಂಡು ಹೋಗುತ್ತದೆ. ನಮ್ಮಲ್ಲಿ ಈಗ ಹಾಗೆಯೇ ಮಾಡಿದ್ದೇವೆ. ಆ ವಾಲ್ವಿನ ಬೆಲೆ ಆಸ್ಪತ್ರೆಯ ಒಂದು ದಿನದ ಬಿಲ್ಲಿಗಿಂತ ಕಡಿಮೆಯಿತ್ತು.

ಯಾವ ಎತ್ತರಕ್ಕೆ ಯಾವ ಪೈಪು

ನಮ್ಮ ಸದಸ್ಯರಲ್ಲಿ ಹಲವರು ಪೈಪು ಕೊಳ್ಳುವಾಗ ಎಲ್ಲಕ್ಕೂ ಒಂದೇ ಬಗೆಯದನ್ನು ತೆಗೆದುಕೊಳ್ಳುತ್ತಾರೆ. ಅಗ್ಗವೆಂದು ಎಲ್ಲ ಕಡೆಗೂ 4 ಕೆ.ಜಿ.ಯದನ್ನು ಹಾಕಿದರೆ ಕೆಳಗೆ ಒಡೆಯುತ್ತದೆ. ಭದ್ರವಾಗಿರಲೆಂದು ಎಲ್ಲ ಕಡೆಗೂ 10 ಕೆ.ಜಿ.ಯದನ್ನು ಹಾಕಿದರೆ ಹಣ ವ್ಯರ್ಥ.

ನಮ್ಮ ತೋಟದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಏರು 150 ಅಡಿ, ಅದಕ್ಕೆ ನಾಲ್ಕೂವರೆ ಕೆ.ಜಿ. ಮೇಲೆ ಜೆಟ್ಟು ಹಾರಲು 3 ಕೆ.ಜಿ. ಪೈಪಿನ ಗೋಡೆಗೆ ನೀರು ಉಜ್ಜಿಕೊಂಡು ಹೋಗುವುದರಿಂದ ಆಗುವ ನಷ್ಟ ಸುಮಾರು 1 ಕೆ.ಜಿ. ಒಟ್ಟು ಎಂಟೂವರೆ ಕೆ.ಜಿ. ಪಂಪಿನ ಬುಡದಲ್ಲಿ ಇರಬೇಕು. ಆದ್ದರಿಂದ ಬುಡದ ಪೈಪು 10 ಕೆ.ಜಿ.ಯದಾಗಬೇಕು. 100 ಅಡಿ ಮೇಲೆ ಹೋಗುವಷ್ಟರಲ್ಲಿ ಒತ್ತಡ 5 ಕೆ.ಜಿ.ಗೆ ಇಳಿದಿರುತ್ತದೆ, ಅಲ್ಲಿಂದಾಚೆಗೆ 6 ಕೆ.ಜಿ.ಯ ಪೈಪು ಸಾಕು. ಪೈಪು ಗುಡ್ಡ ದಾಟಿ ಆಚೆ ಇಳಿಜಾರಿಗೆ ಹೋಗುವುದಾದರೆ ಇಳಿದಷ್ಟೂ ಒತ್ತಡ ಮತ್ತೆ ಏರುತ್ತದೆ ಎಂಬುದನ್ನು ಮರೆಯಬಾರದು.

ಇನ್ನೊಂದು ವಿಚಾರ. ಮೇಲಿನ ವಾಲ್ವುಗಳನ್ನೆಲ್ಲ ಮುಚ್ಚಿ ಪಂಪು ಓಡಿಸಿದರೆ ಒತ್ತಡ ಕೆಲಸದ ವೇಳೆಗಿಂತ ಹೆಚ್ಚುತ್ತದೆ. ಎಷ್ಟು ಹೆಚ್ಚಬಹುದೆಂಬುದಕ್ಕೆ ಪಂಪಿನ ತಗಡಿನ ಮೇಲೆ ಬರೆದಿರುವ ಹೆಡ್ಡಿನ ಅತಿ ದೊಡ್ಡ ಅಂಕಿಯನ್ನು ನೋಡಿ. ಅದು ಮೀಟರಿನಲ್ಲಿರುತ್ತದೆ. ಹತ್ತರಿಂದ ಭಾಗಿಸಿದರೆ ಕೆ.ಜಿ. ಸಿಗುತ್ತದೆ. ಬುಡದ ಪೈಪು ಅದಕ್ಕೂ ತಡೆಯುವಂತಿರಬೇಕು. ಹಾಗೆ ಮುಚ್ಚಿಟ್ಟು ಬಹಳ ಹೊತ್ತು ಓಡಿಸಲೂ ಬಾರದು. ಅದೇ ನೀರು ಪಂಪಿನೊಳಗೆ ತಿರುಗಿ ತಿರುಗಿ ಕಾದು ಸೀಲು ಸುಡುತ್ತದೆ, ಹಬೆಯಾಗಿ ಪಂಪೇ ಸಿಡಿಯುವುದೂ ಉಂಟು.

ಪಿ.ವಿ.ಸಿ. ಪೈಪಿನ ಮೈಮೇಲೆ ಐ.ಎಸ್. 4985 ಎಂಬ ಅಂಕಿಯೂ ಅದರ ಒತ್ತಡದ ದರ್ಜೆಯೂ ಅಚ್ಚಾಗಿರುತ್ತವೆ. 2.5, 4, 6, 8, 10, 12.5 ಕೆ.ಜಿ. ಎಂಬ ದರ್ಜೆಗಳಿವೆ. ಆ ದರ್ಜೆ 27 ಡಿಗ್ರಿ ಉಷ್ಣತೆಗೆ ಹೇಳಿದ್ದು. ಮಾರ್ಚ್ ಮಧ್ಯಾಹ್ನದ ಬಿಸಿಲಲ್ಲಿ ನೆಲದ ಮೇಲೆ ಕಾದು ಮೆತ್ತಗಾದ ಪೈಪಿಗೆ ಅಷ್ಟು ತಾಕತ್ತು ಇರುವುದಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪೈಪಂತೂ ಪೆಡಸಾಗಿ ಗಾಜಿನಂತೆ ಒಡೆಯುತ್ತದೆ. ಎರಡು ಮೂರು ಅಡಿ ಆಳದಲ್ಲಿ ಹೂತ ಪೈಪಿಗೆ ಈ ತೊಂದರೆಯಿಲ್ಲ.

ಪೈಪು ತಿರುಗುವ ಕಡೆ ಬೆಂಡಿನ ಹಿಂದೆ ಕಾಂಕ್ರೀಟಿನ ಗಟ್ಟಿ ಒರಗು ಕೊಡಬೇಕು. 3 ಅಂಗುಲದ ಪೈಪು ಮೂಲೆಮಟ್ಟಕ್ಕೆ ತಿರುಗಿದ ಕಡೆ ಎಂಟೂವರೆ ಕೆ.ಜಿ. ಒತ್ತಡವಿದ್ದರೆ ಬೆಂಡನ್ನು ಹೊರಕ್ಕೆ ನೂಕುವ ಬಲ 5 ಕ್ವಿಂಟಲ್ ದಾಟುತ್ತದೆ. ಸೊಲ್ಯೂಷನ್ ಹಚ್ಚಿದ ಅಂಟು ಒಂದರ ಮೇಲೆಯೇ ಇಷ್ಟು ಭಾರ ಹೊರಿಸುವುದು ಸರಿಯಲ್ಲ.

ವಾಲ್ವು ತಟ್ಟನೆ ಮುಚ್ಚಬಾರದು

"ನಿನ್ನೆಯವರೆಗೆ ಚೆನ್ನಾಗಿದ್ದ ಪೈಪು ಇವತ್ತು ಸುಮ್ಮನೆ ಒಡೆಯಿತು" ಎಂದು ದೂರುವ ಸದಸ್ಯರಿದ್ದಾರೆ. ಪೈಪು ಸುಮ್ಮನೆ ಒಡೆಯುವುದಿಲ್ಲ. ಒಡೆದ ಹೊತ್ತಿಗೆ ಯಾರೋ ವಾಲ್ವು ಮುಚ್ಚಿರುತ್ತಾರೆ, ಇಲ್ಲವೇ ಕರೆಂಟು ಹೋಗಿರುತ್ತದೆ.

ಓಡುತ್ತಿರುವ ನೀರು ಓಡುತ್ತಿರುವ ಲಾರಿಯಂತೆ. ನಮ್ಮ ಪೈಪಿನಲ್ಲಿ 1,800 ಲೀಟರ್ ನೀರಿದೆ ಎಂದೆನಲ್ಲ, ಅದು ಸುಮಾರು 2 ಟನ್ ಭಾರ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹೋಗುತ್ತಿರುವ ಈ ಭಾರವನ್ನು ಬಾಲ್ ವಾಲ್ವಿನ ಹಿಡಿ ಒಮ್ಮೆ ತಿರುಗಿಸಿ ನಿಲ್ಲಿಸಿದರೆ ಅದು ಹಿಂದಕ್ಕೆ ಗುದ್ದುತ್ತದೆ. ಇಂಜಿನಿಯರುಗಳು ಇದಕ್ಕೆ ವಾಟರ್ ಹ್ಯಾಮರ್, ಅಂದರೆ ನೀರಿನ ಸುತ್ತಿಗೆ ಎನ್ನುತ್ತಾರೆ. ರಷ್ಯಾದ ನಿಕೊಲಾಯ್ ಝುಕೋವ್ಸ್ಕಿ ಎಂಬ ವಿಜ್ಞಾನಿ ಮಾಸ್ಕೋ ನಗರದ ನೀರಿನ ಪೈಪುಗಳಲ್ಲಿ ಪ್ರಯೋಗ ನಡೆಸಿ 1898ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಅವರ ಸೂತ್ರದಂತೆ, ಒಂದೂವರೆ ಮೀಟರ್ ವೇಗದ ನೀರನ್ನು ಪಿ.ವಿ.ಸಿ. ಪೈಪಿನಲ್ಲಿ ತಟ್ಟನೆ ನಿಲ್ಲಿಸಿದರೆ ಸುಮಾರು 6 ಕೆ.ಜಿ. ಒತ್ತಡ ಹೆಚ್ಚುವರಿಯಾಗಿ ಏಳುತ್ತದೆ. ಗಡುಸಾದ ಜಿ.ಐ. ಪೈಪಿನಲ್ಲಿ ಅದರ ಮೂರು ಪಟ್ಟು. ಇದು ಮೊದಲೇ ಇದ್ದ ಒತ್ತಡದ ಮೇಲೆ ಸೇರುತ್ತದೆ. 5 ಕೆ.ಜಿ. ಇದ್ದ ಕಡೆ 11 ಆಯಿತು, 6 ಕೆ.ಜಿ.ಯ ಪೈಪು ತಡೆಯುವುದು ಹೇಗೆ?

ಪರಿಹಾರ ಸರಳ. ದೊಡ್ಡ ಪೈಪಿಗೆ ಬಾಲ್ ವಾಲ್ವಿನ ಬದಲು ಸುತ್ತು ಸುತ್ತಾಗಿ ಮುಚ್ಚುವ ಗೇಟ್ ವಾಲ್ವು ಹಾಕಿ. ಮುಚ್ಚುವಾಗ ಮನಸ್ಸಿನಲ್ಲೇ ಮೂವತ್ತು ಎಣಿಸಿ. ಕೊನೆಯ ಒಂದೆರಡು ಸುತ್ತನ್ನು ಇನ್ನೂ ನಿಧಾನವಾಗಿ ಮುಚ್ಚಿ. ನೀರು ನಿಲ್ಲುವುದು ಆಗಲೇ. ಖಾಲಿ ಪೈಪಿಗೆ ನೀರು ತುಂಬುವಾಗಲೂ ವಾಲ್ವನ್ನು ಸ್ವಲ್ಪವೇ ತೆರೆದು ತುಂಬಿಸಿ, ಗುಡ್ಡದ ನೆತ್ತಿಯಲ್ಲಿ ಒಂದು ಏರ್ ವಾಲ್ವು ಇಡಿ. ಅದು ತುಂಬುವಾಗ ಗಾಳಿಯನ್ನು ಹೊರಕ್ಕೆ ಬಿಡುತ್ತದೆ, ಖಾಲಿಯಾಗುವಾಗ ಒಳಕ್ಕೆ ಬಿಟ್ಟು ಪೈಪು ಒಳಕ್ಕೆ ಕುಸಿಯದಂತೆ ಕಾಯುತ್ತದೆ. ಕರೆಂಟು ಹೋದಾಗ ಬರುವ ಹೊಡೆತವನ್ನು ನಾವು ತಡೆಯಲಾಗದು. ಆದರೆ ಎನ್.ಆರ್.ವಿ. ಕೊಳ್ಳುವಾಗ ಸ್ಪ್ರಿಂಗು ಇರುವಂಥದನ್ನು ಕೊಂಡರೆ, ನೀರು ಹಿಂದಕ್ಕೆ ಓಡಲು ಶುರುಮಾಡುವ ಮೊದಲೇ ಅದು ಮುಚ್ಚಿಕೊಳ್ಳುವುದರಿಂದ ಹೊಡೆತ ಕಡಿಮೆಯಾಗುತ್ತದೆ.

ಮದ್ದು ಹೊಡೆಯುವ ಪಂಪು

ಅಡಿಕೆ ಬೆಳೆಗಾರರು ಇದು ಕಾಫಿಯವರ ಸಮಸ್ಯೆ ಎಂದು ಪುಟ ತಿರುಗಿಸಬಾರದಾಗಿ ವಿನಂತಿ. ಮಳೆಗಾಲದಲ್ಲಿ ನಾವು ಬಳಸುವ ಎಚ್.ಟಿ.ಪಿ. ಪಂಪಿನ ಒತ್ತಡ ಸಾಮಾನ್ಯವಾಗಿ 20 ಕೆ.ಜಿ.ಗೂ ಮೇಲೆ ಇರುತ್ತದೆ.

1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಬಹುಕಾಲ ಕೈಪಂಪಿನ ಯುಗವಾಗಿತ್ತು. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಇಂದಿಗೂ ಬದಲಾಗಿಲ್ಲ, ಪಂಪು ಬದಲಾಗಿದೆ. ಕೈಪಂಪಿನಲ್ಲಿ ಒತ್ತಡ ಏರಿದರೆ ಹಿಡಿ ಆಡಿಸುವವನ ರಟ್ಟೆಗೆ ಗೊತ್ತಾಗುತ್ತಿತ್ತು, ಅವನು ತಾನೇ ನಿಲ್ಲಿಸುತ್ತಿದ್ದ. ಇಂಜಿನ್ನಿಗೆ ರಟ್ಟೆಯಿಲ್ಲ. ಗನ್ನು ಮುಚ್ಚಿದರೂ ಪಿಸ್ಟನ್ ನೂಕುತ್ತಲೇ ಇರುತ್ತದೆ. ನೀರೆತ್ತುವ ಪಂಪಿನ ಒತ್ತಡ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಪಿಸ್ಟನ್ ಪಂಪಿನದು ಏನಾದರೊಂದು ಒಡೆಯುವವರೆಗೂ ಏರುತ್ತದೆ. ಹೆಚ್ಚಾದದ್ದನ್ನು ಡ್ರಮ್ಮಿಗೆ ಹಿಂದಿರುಗಿಸುವ ರೆಗ್ಯುಲೇಟರ್ ವಾಲ್ವು ಇದನ್ನು ತಡೆಯುವ ಏಕಮಾತ್ರ ಕಾವಲುಗಾರ. "ಮದ್ದು ತುದಿಗೆ ಹಾರುತ್ತಿಲ್ಲ" ಎಂದು ಅದರ ಸ್ಕ್ರೂ ಪೂರ್ತಿ ಬಿಗಿಯುವುದಾಗಲಿ, ತಂತಿಯಿಂದ ಕಟ್ಟಿಹಾಕುವುದಾಗಲಿ ಕಾವಲುಗಾರನ ಕೈ ಕಟ್ಟಿದಂತೆ. ಮದ್ದು ಹಾರದಿದ್ದರೆ ಮೊದಲು ಗನ್ನಿನ ಬಿಲ್ಲೆ, ಜರಡಿ, ಪಿಸ್ಟನ್ನಿನ ವಾಷರು ನೋಡಿ.

ಇಲ್ಲಿಯೂ ಇಂಜಿನ್ ನಿಂತರೆ ಒತ್ತಡ ನಿಲ್ಲುವುದಿಲ್ಲ. ಪಂಪಿನ ಮೇಲಿನ ಏರ್ ಚೇಂಬರಿನಲ್ಲಿ ಅದುಮಿಟ್ಟ ಗಾಳಿ ಇರುತ್ತದೆ. ಅದು ಸ್ಪ್ರಿಂಗಿನಂತೆ ಮದ್ದನ್ನು ನೂಕುತ್ತಲೇ ಇರುತ್ತದೆ. ಇಂಜಿನ್ ನಿಲ್ಲಿಸಿ, ಬೈಪಾಸ್ ತೆರೆದು, ಗನ್ನಿನ ಬಾಯಿಯನ್ನು ಡ್ರಮ್ಮಿನೊಳಗೆ ಹಿಡಿದು ತೊಟ್ಟಿಕ್ಕುವವರೆಗೆ ಬಿಟ್ಟು, ಹೋಸು ಮೆತ್ತಗಾದದ್ದನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಜೋಡಣೆ ಬಿಚ್ಚಬೇಕು. ಹೋಸಿಗೂ ದರ್ಜೆ ಬರೆದಿರುತ್ತದೆ. ಹಳೆಯ ಹೋಸಿಗೆ ಬೈಂಡಿಂಗ್ ತಂತಿ ಸುತ್ತಿ ಮುಂದುವರಿಸಬೇಡಿ. ಐವತ್ತು ಅಡಿ ಮರದ ಮೇಲೆ ಕುಳಿತ ಕೊನೆಗಾರನ ಕೈಯಲ್ಲಿ ಹೋಸು ಸಿಡಿದರೆ ಮದ್ದು ಮೈಗೆ ಬೀಳುವುದಕ್ಕಿಂತ ಅವನು ಕೆಳಗೆ ಬೀಳುವುದೇ ದೊಡ್ಡ ಅಪಾಯ.

ಹೋಸಿನ ಸಣ್ಣ ತೂತಿನಿಂದ ಮದ್ದು ಸೂಜಿಯಂತೆ ಚಿಮ್ಮುತ್ತಿದ್ದರೆ ಅದನ್ನು ಬೆರಳಿನಿಂದ ಮುಚ್ಚಬೇಡಿ. ಈ ಒತ್ತಡದಲ್ಲಿ ದ್ರವವು ಚರ್ಮವನ್ನು ತೂರಿಕೊಂಡು ಮಾಂಸದೊಳಗೆ ಹೋಗಬಲ್ಲದು. ಹೊರಗೆ ಮುಳ್ಳು ಚುಚ್ಚಿದಷ್ಟು ಗಾಯ ಕಾಣುತ್ತದೆ, ನೋವೂ ಮೊದಲು ಇರುವುದಿಲ್ಲ. ಕೆಲವೇ ಗಂಟೆಯಲ್ಲಿ ಬೆರಳು ಕೊಳೆಯುವ ಸ್ಥಿತಿ ಬರಬಹುದು. ಇದಕ್ಕೆ ಮನೆಮದ್ದಿಲ್ಲ. ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ, ಪಂಪಿನ ಒತ್ತಡದಿಂದ ಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸುಣ್ಣ ಅಥವಾ ಮದ್ದು ಕಣ್ಣಿಗೆ ಹಾರಿದರೆ ಅಲ್ಲಿಯೇ ಧಾರಾಳವಾಗಿ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರಿನಿಂದ ತೊಳೆದು ಆಮೇಲೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಗಾಳಿಯಿಂದ ಪರೀಕ್ಷೆ ಬೇಡ

ಹೊಸದಾಗಿ ಹಾಕಿದ ಪೈಪು ಸೋರುತ್ತದೆಯೇ ಎಂದು ನೋಡಲು, ಅಥವಾ ಕಟ್ಟಿಕೊಂಡ ಪೈಪು ಬಿಡಿಸಲು ಏರ್ ಕಂಪ್ರೆಸರ್ ತಂದು ಗಾಳಿ ತುಂಬುವ ಪದ್ಧತಿ ಇತ್ತೀಚೆಗೆ ಕಾಣುತ್ತಿದೆ. ಇದು ಬಹಳ ಅಪಾಯದ ಕೆಲಸ. ನೀರನ್ನು ಅದುಮಲಾಗುವುದಿಲ್ಲ, ತುಂಬಿದ ಪೈಪು ಒಡೆದರೆ ಒತ್ತಡ ಆ ಕ್ಷಣವೇ ಇಳಿಯುತ್ತದೆ. ಗಾಳಿಯನ್ನು ಅದುಮಬಹುದು. ಅಷ್ಟೇ ಜಾಗದಲ್ಲಿ, ಅಷ್ಟೇ ಒತ್ತಡದಲ್ಲಿ ಗಾಳಿ ಕೂಡಿಟ್ಟುಕೊಳ್ಳುವ ಶಕ್ತಿ ನೀರಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಆಗ ಪಿ.ವಿ.ಸಿ. ಪೈಪು ಸೀಳುವುದಿಲ್ಲ, ಚೂರು ಚೂರಾಗಿ ಸಿಡಿಯುತ್ತದೆ. ಪರೀಕ್ಷೆಯನ್ನು ಗಾಳಿಯೆಲ್ಲ ಹೊರಹಾಕಿ ನೀರು ತುಂಬಿಯೇ ಮಾಡಿ. ಅಂಟು ಹಚ್ಚಿದ ಜೋಡಣೆ ಒಂದು ದಿನ ಒಣಗಲಿ.

ತಲೆಯ ಮೇಲೆ ತಂತಿ

ಒತ್ತಡದ ವಿಷಯವಲ್ಲದಿದ್ದರೂ ಪೈಪಿನ ಮಾತು ಬಂದಾಗ ಇದನ್ನು ಹೇಳದೆ ಮುಗಿಸಲಾರೆ. ಜೆಟ್ಟಿನ ಅಲ್ಯುಮಿನಿಯಂ ಪೈಪು 20 ಅಡಿ ಉದ್ದ. ಒಳಗಿನ ನೀರು ಚೆಲ್ಲಲೆಂದೋ, ಗಿಡದ ಸಾಲು ದಾಟಿಸಲೆಂದೋ ಅದನ್ನು ನೆಟ್ಟಗೆ ಎತ್ತುವ ಅಭ್ಯಾಸ ಎಲ್ಲ ತೋಟಗಳಲ್ಲಿದೆ. ರಸ್ತೆಯಲ್ಲದ ಕಡೆ ಹಾದುಹೋಗುವ 11 ಕೆ.ವಿ. ಬರಿ ತಂತಿ ನೆಲದಿಂದ 4.6 ಮೀಟರ್, ಅಂದರೆ 15 ಅಡಿ ಎತ್ತರದಲ್ಲಿದ್ದರೆ ನಿಯಮಕ್ಕೆ ಸಾಕು. 20 ಅಡಿಯ ಪೈಪು ಅದನ್ನು ಮುಟ್ಟುವುದಕ್ಕೆ ಲೆಕ್ಕವೇ ಬೇಡ. ಅಡಿಕೆ ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಯೂ ಬಿದಿರಿನಂತಲ್ಲ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋಗುವ ಕಡೆ ಪೈಪನ್ನು ಅಡ್ಡವಾಗಿಯೇ ಇಬ್ಬರು ಹಿಡಿದು ಸಾಗಿಸಬೇಕು, ದೋಟಿಯನ್ನು ಅಲ್ಲಿ ಎತ್ತಲೇ ಕೂಡದು.

ಕೊನೆಯ ಮಾತು

ಮೇಲೆ ಹೇಳಿದ್ದರಲ್ಲಿ ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲ. ಒಂದು ಕಾಕ್, ಒಂದು ಗೇಜು, ಒಂದು ಗೇಟ್ ವಾಲ್ವು, ಹತ್ತು ನಿಮಿಷದ ತಾಳ್ಮೆ. ಗೇಜು ಕೊಳ್ಳುವಾಗ ನಿಮ್ಮ ಕೆಲಸದ ಒತ್ತಡಕ್ಕೆ ಮುಳ್ಳು ಅರ್ಧದಿಂದ ಮುಕ್ಕಾಲಿನೊಳಗೆ ನಿಲ್ಲುವಂಥದನ್ನು ಆರಿಸಿ. ನಿಮ್ಮ ತೋಟದ ಏರು, ಪೈಪಿನ ಉದ್ದ ಮತ್ತು ಗಾತ್ರ, ಪಂಪಿನ ತಗಡಿನ ಮೇಲಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಸಂಘದ ಕಚೇರಿಗೆ ಬಂದರೆ ಯಾವ ಕಡೆಗೆ ಎಷ್ಟು ಕೆ.ಜಿ.ಯ ಪೈಪು ಬೇಕೆಂದು ಕೂತು ಲೆಕ್ಕ ಹಾಕೋಣ. ಆ ಚೀಟಿಯ ಒಂದು ಪ್ರತಿಯನ್ನು ಪಂಪ್‌ಹೌಸಿನ ಗೋಡೆಗೂ ಅಂಟಿಸಿಡಿ. ಮುಖ್ಯವಾಗಿ, ಇದನ್ನು ನೀವು ಓದಿದರೆ ಸಾಲದು. ರೆಂಚು ಹಿಡಿಯುವವನಿಗೆ ಓದಿ ಹೇಳಿ. ಪೆಟ್ಟು ಬೀಳುವುದು ಅವನಿಗೆ.

ನಮ್ಮ ಆಳು ಇಂದಿಗೂ ನಮ್ಮಲ್ಲೇ ಇದ್ದಾನೆ. ಎಡಗಡೆಯಿಂದ ಅಗಿಯಲು ಅವನಿಗೆ ಈಗಲೂ ಆಗುವುದಿಲ್ಲ, ಎಲೆ ಅಡಿಕೆಯನ್ನು ಬಲಗಡೆಗೇ ಇಟ್ಟುಕೊಳ್ಳುತ್ತಾನೆ. ಪೈಪಿನ ಕೆಲಸ ಬೇರೆಯವರಿಗೆ ಕೊಡುತ್ತೇನೆಂದರೆ ಒಪ್ಪಲಿಲ್ಲ. ಆದರೆ "ಪಂಪು ಆಫ್ ಆಗಿದ್ಯಾ?" ಎಂದು ಅವನು ನನ್ನನ್ನು ಮತ್ತೆಂದೂ ಕೇಳಿಲ್ಲ. ಫ್ಯೂಸು ತಾನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ, ಕಾಕ್ ತೆರೆದು ಬದಿಗೆ ನಿಲ್ಲುತ್ತಾನೆ, ನೀರು ಪೂರ್ತಿ ಇಳಿಯುವವರೆಗೆ ಬೀಡಿಯನ್ನೂ ಹಚ್ಚುವುದಿಲ್ಲ. ನಾನು ಅವಸರ ಮಾಡಿದರೆ ಕೈ ಅಡ್ಡ ಹಿಡಿದು, "ಇರಿ ಅಯ್ಯಾ, ಇನ್ನೂ ಇದೆ" ಎನ್ನುತ್ತಾನೆ.

ಈಗ ನಾನು ಅವನ ಮಾತು ಕೇಳುತ್ತೇನೆ.